ಹಸುವಿನ ಮೂಳೆಯ ಹರಳಿನ ಮೇಲೆ ಕೋಶಗಳು ಸಾಯುತ್ತಿವೆಯೇ?

ಪ್ರಶ್ನೆ: ಪ್ರೋಟೀನ್ ತೆಗೆದ ಹಸುವಿನ ಮೂಳೆಯ ಹರಳುಗಳ ಮೇಲೆ ಆಸ್ಟಿಯೋಬ್ಲಾಸ್ಟ್ (ಮೂಳೆ ಕಟ್ಟೋ ಕೋಶ) ಬೆಳೆಸ್ತಿದ್ದೀನಿ. ಬರೀ ಪ್ಲಾಸ್ಟಿಕ್ ತಟ್ಟೆಯಲ್ಲಿ ಚೆನ್ನಾಗಿ ಹರಡ್ಕೊಳ್ಳುತ್ತವೆ. ಹರಳಿದ್ದ ಕಡೆ ಟ್ರಿಪ್ಸಿನ್ (ಅಂಟಿದ ಕೋಶ ಬಿಡಿಸೋ ಕಿಣ್ವ) ಹಾಕಿ ಎಣಿಸಿದರೆ ತೀರಾ ಕಮ್ಮಿ. ಆದರೆ ಖನಿಜ ತೋರಿಸೋ ಬಣ್ಣ ಅಲಿಜರಿನ್ ರೆಡ್ ಹಾಕಿದರೆ ಕಡುಕೆಂಪು! ಸಾಯ್ತಿವೆಯೋ, ಮೂಳೆ ಕಟ್ತಿವೆಯೋ?

ಉತ್ತರ 1: ಆ ಕೆಂಪನ್ನು ನಂಬಬೇಡಿ ಮಾರಾಯ್ರೆ. ಅಲಿಜರಿನ್ ಹಿಡಿಯೋದು ಕ್ಯಾಲ್ಸಿಯಂ ಅನ್ನು, ನಿಮ್ಮ ಹರಳೇ ಕ್ಯಾಲ್ಸಿಯಂ ಫಾಸ್ಫೇಟ್. ಕೋಶ ಹಾಕದ ಹರಳಿಗೂ ಅದೇ ಬಣ್ಣ ಹಾಕಿ, ಅದೂ ಕೆಂಪಾಗುತ್ತೆ. ಹೋಲಿಸೋಕೆ ಆ ಕಂಟ್ರೋಲ್ ಇಲ್ಲದ ಚಿತ್ರಕ್ಕೆ ಬೆಲೆಯಿಲ್ಲ. ಮೂಳೆ ಕಟ್ಟೋ ಕೆಲಸ ನಡೀತಿದೆಯಾ ಅಂತ ತಿಳಿಯೋಕೆ ಮೊದಲ ವಾರಗಳಲ್ಲಿ ಆಲ್ಕಲೈನ್ ಫಾಸ್ಫಟೇಸ್ ಅನ್ನೋ ಕಿಣ್ವ, ಆಮೇಲೆ ಆಸ್ಟಿಯೋಕ್ಯಾಲ್ಸಿನ್ ಅನ್ನೋ ಪ್ರೋಟೀನ್ ಅಳೆಯಿರಿ.

ಉತ್ತರ 2: ಎಣಿಕೆಯೂ ಅನುಮಾನವೇ. ರಂಧ್ರದೊಳಗೆ ಹೊಕ್ಕ ಕೋಶ ಟ್ರಿಪ್ಸಿನ್‌ಗೆ ಸುಲಭವಾಗಿ ಬಿಡಲ್ಲ. ಸಂದಿಯಲ್ಲಿ ಜಾರಿದವು ತಳಕ್ಕೆ ಅಂಟಿರುತ್ತವೆ. ಹರಳನ್ನು ಹೊಸ ತಟ್ಟೆಗೆ ದಾಟಿಸಿ, ಕೋಶ ಒಡೆದು ಡಿಎನ್‌ಎ ಅಳೆಯಿರಿ. ಕೆಲವು ಹರಳು ಕೋಶ ಬೆಳೆಸೋ ದ್ರವದ ಕ್ಯಾಲ್ಸಿಯಂ ಹೀರುತ್ತವೆ, ಅದನ್ನೂ ನೋಡಿ.

ಪ್ರಶ್ನೆ ಕೇಳಿದವರು: ನಾನು ಬಳಸ್ತಿರೋದು ಎಂಜಿ-63 ಅನ್ನೋ ಕೋಶ.

ಉತ್ತರ 1: ಅಯ್ಯೋ, ಅದು ಮೂಳೆಯ ಕ್ಯಾನ್ಸರ್‌ನಿಂದ ಬಂದ ಕೋಶ. ಬೇಗ ಬೆಳೆಯುತ್ತೆ, ಖನಿಜ ಕಟ್ಟೋದರಲ್ಲಿ ಸೋಮಾರಿ. ಅಂಟಿಕೊಳ್ಳೋದನ್ನು ನೋಡೋಕೆ ಸಾಕು, ಖನಿಜೀಕರಣಕ್ಕೆ ಪ್ರೈಮರಿ ಕೋಶ (ನೇರವಾಗಿ ಮೂಳೆಯಿಂದ ತೆಗೆದದ್ದು) ತಗೊಳ್ಳಿ.