ಅಪ್‌ಡೇಟ್: ಅಪ್ಪನ ಡಯಾಲಿಸಿಸ್ ಆಯಿತು

2019ರ ಡಿಸೆಂಬರ್ 19ರ ರಾತ್ರಿ ಗಾಬರಿಯಲ್ಲಿ ಕೇಳಿದ್ದೆ ಅಲ್ವಾ? ಪೌರತ್ವ ಕಾಯ್ದೆ ಗಲಾಟೆ, ಮಂಗಳೂರಿನಲ್ಲಿ ಗೋಲಿಬಾರ್, ಇಬ್ಬರ ಸಾವು, ಕರ್ಫ್ಯೂ. ಮಂಜೇಶ್ವರದಿಂದ ಶುಕ್ರವಾರದ ಡಯಾಲಿಸಿಸ್‌ಗೆ (ಕಿಡ್ನಿ ಕೆಲಸ ಮಾಡದವರ ರಕ್ತವನ್ನು ಮೆಷಿನ್‌ನಲ್ಲಿ ಶುದ್ಧ ಮಾಡುವುದು) ಮಂಗಳೂರಿಗೆ ಅಪ್ಪನನ್ನು ಕರೆದುಕೊಂಡು ಹೋಗುವುದು ಹೇಗೆ ಅಂತ. ಹೋಗಲಿಲ್ಲ. ಆಂಬುಲೆನ್ಸ್ ಬಿಡುತ್ತಾರೆ ಎಂದು ಕೆಲವರು ಹೇಳಿದ್ದಿರಿ. ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾಟುವ ಧೈರ್ಯ ಡ್ರೈವರಿಗೂ ಬರಲಿಲ್ಲ, ನನಗೂ.

ಕಾಸರಗೋಡಿನ ಒಂದು ಆಸ್ಪತ್ರೆಯಲ್ಲಿ ಶನಿವಾರಕ್ಕೆ ಜಾಗ ಸಿಕ್ಕಿತು. ಹೊಸಬರಾದರೆ ಎಚ್‌ಐವಿ, ಹೆಪಟೈಟಿಸ್ ರಿಪೋರ್ಟ್ ಬೇಕೇ ಬೇಕಂತೆ. ಫೈಲು ಮಂಗಳೂರಿನಲ್ಲಿ ಅಕ್ಕನ ಮನೆಯಲ್ಲಿ. ಅಲ್ಲಿ ಮೊಬೈಲ್ ನೆಟ್ 48 ಗಂಟೆ ಬಂದ್! ಪುಣ್ಯಕ್ಕೆ ಹಿಂದಿನ ತಿಂಗಳು ಅಕ್ಕ ಕಳಿಸಿದ್ದ ಫೋಟೋ ನನ್ನ ಫೋನಿನಲ್ಲೇ ಇತ್ತು. ನೀವೂ ಒಂದು ಪ್ರತಿ ಇಟ್ಟುಕೊಳ್ಳಿ.

ನಿಜವಾದ ಕಷ್ಟ ಆ ಒಂದು ದಿನ ತಳ್ಳುವುದು. ಗ್ಲಾಸಿನಲ್ಲಿ ಅಳೆದು ನೀರು, ಉಪ್ಪಿಲ್ಲದ ಗಂಜಿ. ಅಷ್ಟರಲ್ಲಿ ನೋಡಲು ಬಂದ ಅತ್ತೆ ಎಳನೀರು ತಂದರು. ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಕಿಡ್ನಿ ಅದನ್ನು ಹೊರಹಾಕದಿದ್ದರೆ ಹೃದಯಕ್ಕೇ ಅಪಾಯ ಎಂದೆ. "ಎಳನೀರು ಯಾರಿಗಾದರೂ ಕೆಟ್ಟದ್ದು ಮಾಡುತ್ತದಾ?" ಅಂತ ಮುನಿಸಿಕೊಂಡರು. ಅಪ್ಪ ನಮ್ಮಿಬ್ಬರಿಗೂ ಬೈದು, ಐಸ್ ತುಂಡು ಚೀಪುತ್ತಾ ಟಿವಿ ನೋಡುತ್ತಾ ಕೂತರು.

ಶನಿವಾರ ನಾಲ್ಕು ಗಂಟೆ ಮೆಷಿನ್‌ನಲ್ಲಿದ್ದರು. ಕಾಲಿನ ಬಾವು ಇಳಿದಿದೆ. ಅತ್ತೆ ಇನ್ನೂ ಮಾತಾಡುತ್ತಿಲ್ಲ.