ಪಕ್ಕದ ಮನೆ ಬೆಕ್ಕಿನ ಕಾಟ, ಏನು ಮಾಡಲಿ?

ರಾಯಚೂರಿನವಳು. ಸೆಕೆಗೆ ಮಾಳಿಗೆ ಮೇಲೆ ಮಲಗುತ್ತೇವೆ, ಪಕ್ಕದ ಮನೆ ಬೆಕ್ಕು ಗೋಡೆ ಹಾರಿ ಬಂದು ಹಾಸಿಗೆ ಮೇಲೇ ಉಚ್ಚೆ ಹೊಯ್ದು ಹೋಗುತ್ತೆ. ನಿನ್ನೆ ಹಸಿ ಸಂಡಿಗೆ ಮೇಲೆ ಸಾಲಾಗಿ ಹೆಜ್ಜೆ ಗುರುತು! ಆ ಮನೆ ಅಕ್ಕಾರಿಗೆ ಹೇಳಿದರೆ ‘ಪಾಪ, ಮೂಕ ಪ್ರಾಣಿ’ ಅಂತ ನಗುತ್ತಾರೆ. ಖಾರಪುಡಿ ಉದುರಿಸಲಾ?

ಉತ್ತರ 1:
ಖಾರಪುಡಿ ಬೇಡ ರೀ. ಕಾಲಿಗೆ ಹತ್ತುತ್ತೆ, ಅದೇ ಕಾಲಿಂದ ಕಣ್ಣು ಉಜ್ಜಿಕೊಂಡು ಒದ್ದಾಡುತ್ತೆ. ನುಸಿಗುಳಿಗೆಯೂ ಬೇಡ, ಬೆಕ್ಕಿಗೆ ವಿಷ. ಮೊದಲು ವಾಸನೆ ತೆಗೀರಿ, ಅದು ಉಳಿದರೆ ಮತ್ತೆ ಅಲ್ಲಿಗೇ ಬರುತ್ತೆ. ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಒರೆಸಿ. ಅಮೋನಿಯಾ ಇರೋ ಕ್ಲೀನರ್ ಮಾತ್ರ ಬೇಡ, ಅದೂ ಉಚ್ಚೆ ತರಾನೇ ನಾರುತ್ತೆ.

ಉತ್ತರ 2:
ಗಂಡು ಬೆಕ್ಕಾ? ಹಾಗಿದ್ದರೆ ಸಂತಾನಹರಣ ಆಪರೇಷನ್ ಮಾಡಿಸಿದರೆ ಈ ಚಟ ಬಹಳ ಕಮ್ಮಿ ಆಗುತ್ತೆ. ಕೊಪ್ಪಳದಲ್ಲಿ ನಾವು ಪಕ್ಕದವರಿಗೆ ಅರ್ಧ ಖರ್ಚು ಕೊಟ್ಟೆವು, ಜಗಳಕ್ಕಿಂತ ಅಗ್ಗ ಅಲ್ವಾ.

ಉತ್ತರ 3:
ಕಿತ್ತಳೆ ಸಿಪ್ಪೆ ಇಡಿ ಅಂತಾರೆ, ಇಟ್ಟೆ. ಬಳ್ಳಾರಿ ಬಿಸಿಲಿಗೆ ಮಧ್ಯಾಹ್ನಕ್ಕೇ ಹಪ್ಪಳ ಆಯ್ತು, ಬೆಕ್ಕು ಅದರ ಪಕ್ಕದಲ್ಲೇ ಮಲಗಿತ್ತು. ಸುಮ್ನೆ ಹಗಲು ಹಾಸಿಗೆ ಸುತ್ತಿ ಒಳಗಿಡಿ, ಸಂಡಿಗೆ ಮೇಲೆ ಹಳೆ ಸೊಳ್ಳೆಪರದೆ ಹಾಕಿ ಅಂಚಿಗೆ ಕಲ್ಲು ಹೇರಿ.

ಪ್ರಶ್ನೆ ಕೇಳಿದವಳು:
ಗಂಡೇ ರೀ. ಸಂಜೆ ಒಂದು ಡಬ್ಬಿ ಸಂಡಿಗೆ ತಗೊಂಡು ಅಕ್ಕಾರ ಹತ್ತಿರ ಮಾತಾಡ್ತೀನಿ. ಹೆಜ್ಜೆ ಬಿದ್ದ ಸಂಡಿಗೆ ಅಲ್ಲ, ಬೇರೆಯವು!