ಅಪ್‌ಡೇಟ್: ಪಾಲಿಸಿ ಲ್ಯಾಪ್ಸ್ ಆದ ಮೇಲೆ ನೆನೆದ ಸ್ಟಾಕ್, ಕೊನೆಗೆ ಏನಾಯ್ತು

ಆಸ್ತಿ ವಿಮೆ ಮುಗಿದ 9ನೇ ದಿನ ಮೇಲಂತಸ್ತಿನ ಪೈಪ್ ಒಡೆದು ಗೋದಾಮಿನ ಸರಕು ನೆನೆದಿದೆ, ದಾರಿ ಇದೆಯಾ ಅಂತ ಇಲ್ಲಿ ಕೇಳಿದ್ದೆ. ಅದರ ಮುಂದಿನ ಕಥೆ ಇದು.

‘ತಕ್ಷಣ ಪ್ರೀಮಿಯಂ ಕಟ್ಟಿ ರಿನ್ಯೂ ಮಾಡಿಸಿ’ ಅನ್ನೋ ಸಲಹೆ ನಡೆಯಲಿಲ್ಲ. ಆಗಿಹೋದ ಹಾನಿಗೆ ಹಿಂದಿನ ತಾರೀಖು ಹಾಕಿ ಕವರ್ ಕೊಡಲ್ಲ. ಮೇಲಾಗಿ, ನಡುವೆ ನಷ್ಟವೇನೂ ಆಗಿಲ್ಲ ಅಂತ ಸಹಿ ಹಾಕಿಸಿಕೊಳ್ತಾರೆ. ಅಲ್ಲಿ ಸುಳ್ಳು ಬರೆದರೆ ಹೊಸ ಪಾಲಿಸಿಗೂ ಕುತ್ತು.

ನಿಜಕ್ಕೂ ಬೆಚ್ಚಿಬೀಳಿಸಿದ್ದು ಬೇರೆ. ವ್ಯಾಪಾರ ನಷ್ಟದ ಪಾಲಿಸಿ (ಹಾನಿಯಿಂದ ವ್ಯಾಪಾರ ನಿಂತಾಗ ತಪ್ಪಿದ ಲಾಭ ಕೊಡುವಂಥದ್ದು) ಪ್ರತ್ಯೇಕವಾಗಿತ್ತು, ಚಾಲ್ತಿಯಲ್ಲೂ ಇತ್ತು. ಆದರೂ ಏನೂ ಬರಲಿಲ್ಲ! ಹಾನಿಯಾದ ಆಸ್ತಿಗೆ ಆ ಹೊತ್ತಿಗೆ ವಿಮೆ ಇದ್ದು, ಆ ಕ್ಲೇಮ್ ಒಪ್ಪಿಗೆಯಾಗಿದ್ದರೆ ಮಾತ್ರ ಇದು ಅನ್ವಯ ಅನ್ನೋ ಷರತ್ತು ಒಳಪುಟದಲ್ಲಿತ್ತು. ಒಂದು ಬಿದ್ದರೆ ಇನ್ನೊಂದೂ ಬಿತ್ತು.

ಕೈಹಿಡಿದದ್ದು ‘ಪೈಪ್ ಯಾರ ಹೊಣೆ ನೋಡಿ’ ಅಂದವರ ಮಾತು. ಮೇಲಿನವರ ನಿರ್ಲಕ್ಷ್ಯ ಸಾಬೀತಾಗಿ, ಅವರ ಹೊಣೆಗಾರಿಕೆ ವಿಮೆಯಿಂದ (ತಮ್ಮಿಂದ ಬೇರೆಯವರಿಗೆ ಆದ ಹಾನಿ ತುಂಬಿಕೊಡುವ ವಿಮೆ) ಪರಿಹಾರ ಬಂತು. ತುಕ್ಕು ಹಿಡಿದ ಪೈಪ್ ತುಂಡು, ಪ್ಲಂಬರ್ ಬರೆದುಕೊಟ್ಟ ವರದಿ, ಮೊದಲೇ ಸೋರುತ್ತಿದೆ ಅಂತ ಅವರಿಗೆ ಕಳಿಸಿದ್ದ ಮೆಸೇಜ್, ಈ ಮೂರೇ ನಿರ್ಣಾಯಕ. ಹಾಗಾಗಿ ರಿಪೇರಿಯವರು ಒಡೆದ ತುಂಡನ್ನು ಎಸೆಯದಂತೆ ನೋಡಿಕೊಳ್ಳಿ.

ಆ ಪರಿಹಾರದಲ್ಲಿ ಸರಕಿಗೆ ಸಿಕ್ಕಿದ್ದು ಮಾರಾಟ ಬೆಲೆಯಲ್ಲ, ಖರೀದಿ ಬೆಲೆ; ಅದರಲ್ಲೂ ನೆನೆದ ಮಾಲಿಗೆ ಇನ್ನೂ ಉಳಿದಿದ್ದ ಬೆಲೆ ಕಳೆದು. ಲಾಭದ ನಷ್ಟಕ್ಕೆ ಹಿಂದಿನ ವರ್ಷದ ಅದೇ ತಿಂಗಳುಗಳ ವಹಿವಾಟು ನೋಡಿ, ವ್ಯಾಪಾರ ಮುಚ್ಚಿದ್ದರಿಂದ ಮಾಡಬೇಕಾಗಿ ಬಾರದ ಖರ್ಚನ್ನು ಕಳೆದರು. ಮೊದಲು ನಾನು ವಹಿವಾಟಿನ ಪೂರ್ತಿ ಮೊತ್ತ ಕೇಳಿದ್ದರಿಂದ ಎರಡು ವಾರ ಸುಮ್ಮನೆ ಹೋಯ್ತು.

ಹೊಸ ಪಾಲಿಸಿ ತಪಾಸಣೆ ಆದ ಮೇಲೆಯೇ ಸಿಕ್ಕಿತು. ಈಗ ಎರಡೂ ಪಾಲಿಸಿ ಒಂದೇ ತಾರೀಖಿಗೆ ಮುಗಿಯುತ್ತವೆ.